ವಾಟ್ ಅಂದ್ರೆ ವಾಟ್?

"ಥಾಯ್ಲೆಂಡಾ? ಹ್ಮ್ಮ್..."

ಈ ‘ಹ್ಮ್ಮ್’ ಅನ್ನೋದನ್ನ ನಾವು ಐದು ಜನ ಒಂದು ತಿಂಗಳಲ್ಲಿ ಎಷ್ಟು ಸಲ ಕೇಳಿಸ್ಕೊಂಡ್ವೋ ಲೆಕ್ಕ ಇಟ್ಟಿಲ್ಲ. ಹಾಸ್ಟೆಲ್‌ನಲ್ಲಿ ಕಣ್ಣು ಹೊಡೆದ್ರು. ಮನೆ ಕಡೆ ಚಿಕ್ಕಪ್ಪಂದಿರು ನಕ್ಕರು. ಒಬ್ಬರ ಅಜ್ಜಿ ಮಾತ್ರ "ಅಲ್ಲಿ ಊಟಕ್ಕೆ ಏನ್ ಸಿಗತ್ತಪ್ಪಾ?" ಅಂತ ಕೆಲಸಕ್ಕೆ ಬರೋ ಪ್ರಶ್ನೆ ಕೇಳಿದ್ರು. ನಾವು ಹೋಗಿದ್ದು ಬೀಚಿಗಲ್ಲ. ಉತ್ತರ ಥಾಯ್ಲೆಂಡಿನ ಬೆಟ್ಟಗಳ ನಡುವೆ ಇರೋ ಚಿಯಾಂಗ್ ಮಾಯ್ ಅನ್ನೋ ಊರಿಗೆ, ಒಂದು ವಾರದ ವರ್ಕ್‌ಶಾಪಿಗೆ, ಅದೂ ಮೇಡಂ ಜೊತೆ. ಸಿವಿಲ್‌ನವನು ಒಬ್ಬ, ಮೆಕ್ಯಾನಿಕಲ್‌ನವನು ಒಬ್ಬ, ಇಸಿ ಹುಡುಗಿ ಒಬ್ಬಳು, ಸಿಎಸ್‌ನಿಂದ ಒಬ್ಬಳು ಹುಡುಗಿ ಒಬ್ಬ ಹುಡುಗ. ಕ್ಲಾಸು ಬೆಳಗ್ಗೆ ಒಂಬತ್ತರಿಂದ ನಾಲ್ಕು. ಅದರ ಹಿಂದೆ ಮುಂದೆ ಇದ್ದ ಹೊತ್ತೆಲ್ಲ ನಮ್ಮದು.

ಆ ಹೊತ್ತನ್ನ ನಾವು ಹೆಚ್ಚಾಗಿ ಕಳೆದಿದ್ದು ವಾಟ್‌ಗಳಲ್ಲಿ. ವಾಟ್ ಅಂದ್ರೆ ಬೌದ್ಧ ದೇವಸ್ಥಾನ ಅಂತ ಗೂಗಲ್ ಹೇಳತ್ತೆ. ಮೊದಲ ದಿನ ನಾವೂ ಹಾಗೇ ಅಂದ್ಕೊಂಡು ಹೋಗಿ ಪೂರ್ತಿ ತಪ್ಪಾಗಿ ನೋಡಿ ಬಂದ್ವಿ. ನೀವು ಯಾವತ್ತಾದ್ರೂ ಹೋದ್ರೆ ಮೊದಲ ದಿನ ವೇಸ್ಟ್ ಆಗ್ಬಾರ್ದು ಅಂತ ಇದನ್ನ ಬರೀತಿದ್ದೀವಿ.

ತಪ್ಪು ಏನಾಯ್ತು ಅಂದ್ರೆ, ವಾಟ್ ಫ್ರಾ ಸಿಂಗ್ ಅನ್ನೋ ದೊಡ್ಡ ವಾಟ್‌ಗೆ ಹೋದ್ವಿ. 1345ರಲ್ಲಿ ಶುರುವಾದದ್ದು, ಊರಿನ ಮುಖ್ಯ ವಾಟ್‌ಗಳಲ್ಲಿ ಒಂದು. ಇಪ್ಪತ್ತು ನಿಮಿಷದಲ್ಲಿ ಚಿನ್ನದ ಬಣ್ಣ, ಫೋಟೋ, ಸೆಲ್ಫಿ ಎಲ್ಲ ಮುಗೀತು. ಒಳಗೆ ತಂಪಾಗಿತ್ತು ಅಂತ ನೆಲದ ಮೇಲೆ ಕಾಲು ಚಾಚಿ ಕೂತ್ವಿ. ಬುದ್ಧನ ಕಡೆಗೇ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಎದ್ದು ಬಂದು, ಏನೂ ಬೈಯದೆ, ನಮ್ಮ ಮುಂದೆ ಕೂತು ತಮ್ಮ ಎರಡೂ ಕಾಲನ್ನ ಒಂದು ಪಕ್ಕಕ್ಕೆ ಮಡಚಿ ತೋರಿಸಿದ್ರು. ಪಾದ ಹಿಂದಕ್ಕೆ. ನಾವೂ ಮಡಚಿದ್ವಿ. ಅವರು ನಕ್ಕು ವಾಪಸ್ ಹೋದ್ರು. ಐದು ನಿಮಿಷದಲ್ಲಿ ನಮ್ಮ ತೊಡೆ ಜೋಮು ಹಿಡೀತು. ಅವರು ಅರ್ಧ ಗಂಟೆ ಅಲುಗಾಡಲಿಲ್ಲ. ಥಾಯ್ ಜನಕ್ಕೆ ತಲೆ ಅತಿ ಗೌರವದ ಭಾಗ, ಪಾದ ಅತಿ ಕೀಳು. ಪಾದವನ್ನ ಬುದ್ಧನ ಕಡೆ, ಭಿಕ್ಷುಗಳ ಕಡೆ, ಯಾರ ಕಡೆಯೂ ತೋರಿಸಬಾರದು. ಕಾಲು ತಗುಲಿದ್ರೆ ಕಣ್ಣಿಗೆ ಒತ್ಕೊಳ್ಳೋ ನಮಗೆ ಇದು ಗೊತ್ತಾಗ್ಬೇಕಿತ್ತು. ಗೊತ್ತಾಗಲಿಲ್ಲ, ಯಾಕಂದ್ರೆ ನಾವು ಟೂರಿಸ್ಟ್ ಮೋಡ್‌ನಲ್ಲಿ ಇದ್ವಿ.

ಈಗ ಊರಿನ ನಕ್ಷೆ. ಚಿಯಾಂಗ್ ಮಾಯ್ ಅಂದ್ರೆ ‘ಹೊಸ ಊರು’. ಹೊಸದು ಅಂದ್ರೆ 1296ರಲ್ಲಿ ಹೊಸದು. ಮಂಗ್ರಾಯ್ ಅನ್ನೋ ರಾಜ ಲಾನ್ನಾ ರಾಜ್ಯಕ್ಕೆ ರಾಜಧಾನಿ ಬೇಕು ಅಂತ ಕಟ್ಟಿಸಿದ್ದು. ಹಳೇ ಊರು ಹೆಚ್ಚುಕಡಿಮೆ ಚೌಕ, ಪ್ರತಿ ಬದಿ ಸುಮಾರು ಒಂದೂವರೆ ಕಿಲೋಮೀಟರ್, ಸುತ್ತ ಇವತ್ತಿಗೂ ನೀರು ತುಂಬಿದ ಕಂದಕ. ಕೋಟೆ ಗೋಡೆ ಅಲ್ಲಲ್ಲಿ ಉಳಿದಿದೆ. ಈ ಚೌಕದ ಒಳಗೇ ಮೂವತ್ತಕ್ಕಿಂತ ಹೆಚ್ಚು ವಾಟ್‌ಗಳು. ನಮ್ಮ ಕ್ಯಾಂಪಸ್ ಸುತ್ತ ಎಷ್ಟು ಜೆರಾಕ್ಸ್ ಅಂಗಡಿ ಇದೆಯೋ ಹಾಗೆ. ಬೇಕಾದ್ದು ಕಾಲು ಎರಡೇ.

ಎರಡನೇ ದಿನ ಸಂಜೆ ನಮ್ಮ ಕಣ್ಣು ತೆರೆಸಿದ್ದು ವರ್ಕ್‌ಶಾಪ್ ನಡೀತಿದ್ದ ಕಾಲೇಜಿನ ಬೋರ್ಡು. ಥಾಯ್ ಲಿಪಿ ನಮಗೆ ಜಿಲೇಬಿ. ಜೊತೆಗಿದ್ದ ಅಲ್ಲಿನ ಸ್ಟೂಡೆಂಟ್ ಒಬ್ಬಳನ್ನ ಓದು ಅಂದ್ವಿ. "ಖನ ವಿತ್ಸವಕಮ್ಮಸಾತ್" ಅಂದ್ಲು. ಎಂಜಿನಿಯರಿಂಗ್ ಫ್ಯಾಕಲ್ಟಿ ಅಂತ ಅರ್ಥ. ಮೇಡಂ ಎರಡು ಸಲ ಅದನ್ನೇ ಹೇಳಿಸಿ ಕೇಳಿ, "ಏಯ್, ಇದು ವಿಶ್ವಕರ್ಮ ಕಣ್ರೋ" ಅಂದ್ರು.

ಹೌದು. ಗಣ, ವಿಶ್ವಕರ್ಮ, ಶಾಸ್ತ್ರ. ಥಾಯ್‌ನಲ್ಲಿ ಎಂಜಿನಿಯರಿಂಗ್‌ಗೆ ಪದವೇ ವಿಶ್ವಕರ್ಮ. ನಾವು ಕನ್ನಡದಲ್ಲೂ ಎಂಜಿನಿಯರಿಂಗ್ ಅಂತಲೇ ಅಂತೀವಿ, ಅವರು ವಿಶ್ವಕರ್ಮನ ಹೆಸರಲ್ಲಿ ಡಿಗ್ರಿ ಮಾಡ್ತಾರೆ.

ಅವತ್ತು ರಾತ್ರಿ ಸಿಎಸ್‌ನವರಿಬ್ಬರೂ ಕೂತು ಒಂದು ಡಿಕೋಡರ್ ಮಾಡಿದ್ರು, ಆ ಥಾಯ್ ಹುಡುಗಿಯನ್ನ ವಾಟ್ಸಾಪ್‌ನಲ್ಲಿ ಕಾಡಿ ಕಾಡಿ. ಥಾಯ್ ಭಾಷೆಗೆ ನಮ್ಮ ಭಾಷೆಗಳ ಜೊತೆ ರಕ್ತಸಂಬಂಧ ಇಲ್ಲ. ಆದ್ರೆ ಧರ್ಮ, ರಾಜ್ಯ, ಓದು ಅಂತ ಬಂದ್ರೆ ಅದೂ ಕನ್ನಡದ ಹಾಗೇ ಸಂಸ್ಕೃತ, ಪಾಳಿಯಿಂದ ರಾಶಿ ಪದ ತಗೊಂಡಿದೆ. ಬರೆಯೋವಾಗ ಮೂಲದ ಅಕ್ಷರಗಳನ್ನ ಆದಷ್ಟೂ ಉಳಿಸ್ಕೊಳ್ಳತ್ತೆ, ಹೇಳೋವಾಗ ತನ್ನ ನಾಲಿಗೆಗೆ ಹೊಂದಿಸ್ಕೊಳ್ಳತ್ತೆ. ಗ ಇದ್ದಲ್ಲಿ ಖ, ಜ ಇದ್ದಲ್ಲಿ ಚ, ದ ಇದ್ದಲ್ಲಿ ಥ, ಬ ಇದ್ದಲ್ಲಿ ಉಸಿರು ಸೇರಿದ ಪ. ಪದದ ಕೊನೆಗೆ ರ, ಲ ಬಂದ್ರೆ ಅದು ನ್ ಆಗತ್ತೆ; ಸ, ಶ ಬಂದ್ರೆ ತ್. ಇಷ್ಟು ಗೊತ್ತಾದ್ರೆ ಆಟ ಶುರು. ನಗರ ನಖೋನ್ ಆಗತ್ತೆ. ಆಹಾರ ಆಹಾನ್. ಭಾಷೆ ಫಾಸಾ. ರಾಜ ರಾಚಾ. ಲೆಕ್ಚರರ್‌ನ ಆಚಾನ್ ಅಂತ ಕರೀತಾರೆ, ಅದು ಆಚಾರ್ಯ. ಫೋನಿಗೆ ಥೋರಸಪ್, ಅಂದ್ರೆ ದೂರ ಶಬ್ದ. ಟೀವಿಗೆ ಥೋರಥಾತ್. ಇದು ಬಿಡಿಸೋಕೆ ನಮಗೆ ಹತ್ತು ನಿಮಿಷ ಬೇಕಾಯ್ತು, ಬಿಡಿಸಿದಾಗ ಹಾಸ್ಟೆಲ್ ಪೂರ್ತಿ ಕೇಳೋ ಹಾಗೆ ಕಿರುಚಿದ್ವಿ: ದೂರದರ್ಶನ!

ಮರುದಿನ ಇದೇ ಡಿಕೋಡರ್ ಇಟ್ಕೊಂಡು ವಾಟ್‌ಗೆ ಹೋದಾಗ ಅದು ಬೇರೆ ಜಾಗದ ಥರ ಕಾಣ್ತು. ವಾಟ್ ಅನ್ನೋದು ಒಂದು ಕಟ್ಟಡ ಅಲ್ಲ, ಒಂದು ಕಾಂಪೌಂಡು. ಒಳಗೆ ದೊಡ್ಡದಾಗಿ ಕಾಣೋದು ವಿಹಾನ್, ಅಂದ್ರೆ ವಿಹಾರ. ಜನ ಬಂದು ಕೂರೋದು, ಪ್ರವಚನ ಕೇಳೋದು ಇಲ್ಲಿ. ಛಾವಣಿ ಮೂರು ಹಂತವಾಗಿ, ತುಂಬ ಇಳಿಜಾರಾಗಿ, ಹೆಚ್ಚುಕಡಿಮೆ ನೆಲದ ಹತ್ತಿರಕ್ಕೆ ಇಳಿದಿರತ್ತೆ. ಮಳೆ ನೀರು ಗೋಡೆಗೆ ತಾಗದೆ ಜಾರಿಹೋಗ್ಲಿ ಅಂತ. ನಮ್ಮ ಮಲೆನಾಡಿನ ಮನೆಗಳ ಲಾಜಿಕ್ಕೇ, ಚಿನ್ನದ ಕೆಲಸ ಮಾತ್ರ ಎಕ್ಸ್‌ಟ್ರಾ. ಪಕ್ಕದಲ್ಲಿ ಚಿಕ್ಕದಾಗಿ, ಎಷ್ಟೋ ಸಲ ಬಾಗಿಲು ಹಾಕಿರೋ ಒಂದು ಕಟ್ಟಡ ಇರತ್ತೆ. ನಾವು ಮೊದಲ ದಿನ ಅದನ್ನ ಸ್ಟೋರ್ ರೂಮ್ ಅಂದ್ಕೊಂಡಿದ್ವಿ. ನಿಜಕ್ಕೂ ವಾಟ್‌ನಲ್ಲಿ ಅತಿ ಪವಿತ್ರ ಜಾಗ ಅದೇ. ಉಬೋಸೋತ್ ಅಂತಾರೆ, ಪಾಳಿಯ ಉಪೋಸಥದಿಂದ ಬಂದದ್ದು. ಹೊಸ ಭಿಕ್ಷುಗಳಿಗೆ ದೀಕ್ಷೆ ಕೊಡೋದು ಅಲ್ಲೇ ನಡೀಬೇಕು. ಗುರುತು ಹಿಡಿಯೋದು ಹೇಗೆ ಅಂದ್ರೆ ಸುತ್ತ ನೆಟ್ಟಿರೋ ಕಲ್ಲುಗಳು. ಹೆಸರು ಸೇಮಾ. ನಮ್ಮ ಸೀಮೆ! ಆ ಕಲ್ಲುಗಳ ಒಳಗಿನ ಜಾಗ ಸಂಘದ್ದು, ಹೊರಗಿಂದು ಲೋಕದ್ದು.

ಭಿಕ್ಷುಗಳ ಕೋಣೆ ಕುಟಿ. ಗಾಳಿ ಆಡೋ ಮಂಟಪ ಸಾಲಾ, ಶಾಲೆಯ ಶಾಲಾ ಅದು. ಎತ್ತರದ ಕಟ್ಟೆ ಮೇಲೆ ಇಲಿ, ನೆರೆ, ಗೆದ್ದಲು ತಾಗದ ಹಾಗೆ ಕಟ್ಟಿರೋದು ಹೋ ತ್ರಾಯ್, ಅಂದ್ರೆ ತ್ರಿಪಿಟಕ ಇಡೋ ಲೈಬ್ರರಿ. ವಾಟ್ ಫ್ರಾ ಸಿಂಗ್‌ನ ಹೋ ತ್ರಾಯ್ ಎಷ್ಟು ಚೆಂದ ಅಂದ್ರೆ ನಾವು ಮೊದಲ ದಿನ ಅದರ ಮುಂದೆ ನಿಂತು ಅದಕ್ಕೇ ಬೆನ್ನು ಮಾಡಿ ಸೆಲ್ಫಿ ತಗೊಂಡಿದ್ವಿ. ಲೈಬ್ರರಿ ಅಂತ ಗೊತ್ತಿದ್ರೆ ಖಂಡಿತ ಇನ್ನೂ ದೂರ ಇರ್ತಿದ್ವಿ.

ಇನ್ನು ಉಳಿದದ್ದು ಚೇದಿ, ಅಂದ್ರೆ ಚೈತ್ಯ. ಸ್ತೂಪದ ಮೊಮ್ಮಗ ಅನ್ನಬಹುದು. ಒಳಗೆ ಹೋಗೋ ಕಟ್ಟಡ ಅಲ್ಲ ಅದು, ಅವಶೇಷ ಇಟ್ಟು ಮೇಲೆ ಕಟ್ಟಿದ ಗಟ್ಟಿ ಇಟ್ಟಿಗೆ ರಾಶಿ. ನಮ್ಮ ಸಿವಿಲ್‌ನವನು ಈ ವಿಷಯದಲ್ಲಿ ಒಂದು ದಿನ ಪೂರ್ತಿ ನಮ್ಮ ತಲೆ ತಿಂದ, ವಾಟ್ ಚೇದಿ ಲುವಾಂಗ್‌ನಲ್ಲಿ. ಹೆಸರೇ ‘ದೊಡ್ಡ ಚೇದಿ’. ಹದಿನಾಲ್ಕನೇ ಶತಮಾನದ ಕೊನೆಗೆ ಶುರುವಾಗಿ ಹದಿನೈದರ ನಡುವೆ, ತಿಲೋಕರಾತ್ ಅನ್ನೋ ರಾಜನ ಕಾಲದಲ್ಲಿ ಮುಗೀತು. ಎತ್ತರ ಸುಮಾರು 80 ಮೀಟರ್ ಇತ್ತಂತೆ, ಇವತ್ತಿನ ಲೆಕ್ಕದಲ್ಲಿ ಇಪ್ಪತ್ತೈದು ಫ್ಲೋರ್. ಈಗ ಬ್ಯಾಂಕಾಕಿನಲ್ಲಿರೋ ಪ್ರಸಿದ್ಧ ಪಚ್ಚೆ ಬುದ್ಧ ಆಗ ಇದರ ಗೂಡಿನಲ್ಲಿತ್ತು. 1545ರಲ್ಲಿ ಭೂಕಂಪ ಆಗಿ ಮೇಲಿನ ಭಾಗ ಕುಸಿದುಬಿತ್ತು.

ಯಾಕೆ ಬಿತ್ತು? ಸಿವಿಲ್‌ನವನ ಮಾತಲ್ಲೇ ಹೇಳೋದಾದ್ರೆ, ಇಟ್ಟಿಗೆ ಗೋಡೆಯನ್ನ ಎಷ್ಟು ಬೇಕಾದ್ರೂ ಒತ್ತಿ, ಅದು ತಡ್ಕೊಳ್ಳತ್ತೆ. ಸ್ವಲ್ಪ ಎಳೆದ್ರೆ ಬಿಟ್ಕೊಳ್ಳತ್ತೆ. ಚೇದಿಯ ಆಕಾರ, ಅಂದ್ರೆ ಕೆಳಗೆ ಅಗಲ ಚೌಕ, ಮೇಲೆ ಹೋಗ್ತಾ ಗಂಟೆ, ಅದರ ಮೇಲೆ ಮೊನೆ, ಇದೆಲ್ಲ ಭಾರವನ್ನ ನೆಟ್ಟಗೆ ಕೆಳಗೆ ಇಳಿಸೋಕೆ ಹೇಳಿ ಮಾಡಿಸಿದ್ದು. ನೂರು ವರ್ಷ ನಿಂತಿದ್ದು ಅದಕ್ಕೇ. ಭೂಕಂಪ ಭಾರವನ್ನ ಕೆಳಗೆ ತಳ್ಳಲ್ಲ, ಪಕ್ಕಕ್ಕೆ ಅಲ್ಲಾಡಿಸತ್ತೆ. ಎತ್ತರಕ್ಕೆ ಹೋದಷ್ಟೂ ಅಲ್ಲಾಟ ಜಾಸ್ತಿ. ಒಂದು ಪಕ್ಕ ಒತ್ತಿದ್ರೆ ಇನ್ನೊಂದು ಪಕ್ಕ ಎಳೆತ. ಒಳಗೆ ಕಬ್ಬಿಣ ಇಲ್ಲ. ಮುಗೀತು ಕಥೆ.

1990ರ ದಶಕದ ಶುರುವಿನಲ್ಲಿ ಯುನೆಸ್ಕೋ ಮತ್ತು ಜಪಾನ್ ಸರ್ಕಾರದ ನೆರವಿನಿಂದ ರಿಪೇರಿ ಆಯ್ತು. ಆದ್ರೆ ತಲೆ ಭಾಗ ಕಟ್ಟಲಿಲ್ಲ. ಮೊದಲು ಅದು ಹೇಗಿತ್ತು ಅಂತ ಖಚಿತವಾಗಿ ಹೇಳೋರು ಯಾರೂ ಇರಲಿಲ್ಲ. ಈ ನಿರ್ಧಾರ ನಮಗೆ ಬಹಳ ಇಷ್ಟ ಆಯ್ತು. ಗೊತ್ತಿಲ್ಲದ್ದನ್ನ ಊಹೆ ಮಾಡಿ ತುಂಬಿಸೋದು ನಾವು ಲ್ಯಾಬ್ ರೆಕಾರ್ಡಿನಲ್ಲಿ ಮಾಡೋ ಕೆಲಸ.

ಅದೇ ಕಾಂಪೌಂಡಿನಲ್ಲಿ ಒಂದು ಚಿಕ್ಕ ಗುಡಿ ಇದೆ. ಒಳಗೆ ಊರಿನ ಕಂಬ, ಇಂಥಖಿನ್. ಡಿಕೋಡರ್ ಹಾಕಿ: ಇಂದ್ರಕೀಲ. ನಮಗೆ ಇಂದ್ರಕೀಲ ಅಂದ್ರೆ ಅರ್ಜುನ ತಪಸ್ಸು ಮಾಡಿದ ಬೆಟ್ಟ. ಪಾಳಿಯಲ್ಲಿ ಅದು ಊರಬಾಗಿಲಲ್ಲಿ ನೆಡೋ ಗಟ್ಟಿ ಕಂಬ. ಊರಿನ ಕ್ಷೇಮ ಈ ಕಂಬದಲ್ಲಿದೆ ಅಂತ ನಂಬಿಕೆ, ಮಳೆಗಾಲ ಶುರುವಾಗೋ ಹೊತ್ತಿಗೆ ಅದಕ್ಕೆ ದೊಡ್ಡ ಜಾತ್ರೆ. ನಾವು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಬೇಕು ಅನ್ನೋವಾಗ ಬೋರ್ಡು ಕಾಣ್ತು. ಹೆಂಗಸರಿಗೆ ಪ್ರವೇಶ ಇಲ್ಲ.

ಸಿಎಸ್ ಹುಡುಗಿ "ಸರಿ ಬಿಡ್ರೋ, ನೀವು ಹೋಗ್ಬನ್ನಿ" ಅಂದ್ಲು. ಇಸಿ ಹುಡುಗಿ ಏನೂ ಅನ್ನಲಿಲ್ಲ. ಮೇಡಂ ಬ್ಯಾಗಿಂದ ನೀರು ತೆಗೆದು ಕುಡಿದ್ರು. ಮೂರು ಜನ ಹುಡುಗರು ಒಳಗೆ ಹೋಗಿ ಎರಡು ನಿಮಿಷದಲ್ಲಿ ವಾಪಸ್ ಬಂದ್ವಿ. ಏನು ನೋಡಿದ್ವಿ ಅಂತ ಸರಿಯಾಗಿ ಹೇಳೋಕೂ ಬರಲಿಲ್ಲ. ಹೊರಗೆ ಅವರು ಮೂವರು ನಮ್ಮ ಚಪ್ಪಲಿ ಪಕ್ಕ ನಿಂತಿದ್ರು.

ಈ ವಾಟ್‌ನಲ್ಲಿ ಒಂದು ಒಳ್ಳೇ ಪದ್ಧತಿ ಇದೆ, ‘ಮಾಂಕ್ ಚಾಟ್’ ಅಂತ. ಮರದ ಕೆಳಗೆ ಮೇಜು ಹಾಕಿ ಓದ್ತಿರೋ ಯುವ ಭಿಕ್ಷುಗಳು ಕೂತಿರ್ತಾರೆ, ಯಾರು ಬೇಕಾದ್ರೂ ಹೋಗಿ ಮಾತಾಡಬಹುದು. ಅವರಿಗೆ ಇಂಗ್ಲಿಷ್ ಪ್ರಾಕ್ಟೀಸು, ನಮಗೆ ಡೌಟ್ ಕ್ಲಿಯರಿಂಗ್. ನಮಗೆ ಸಿಕ್ಕವರು ನಮ್ಮದೇ ವಯಸ್ಸಿನವರು, ಇನ್ನೂ ಸಾಮಣೇರ. ಬೆಟ್ಟದ ಹಳ್ಳಿಯವರು, ಹನ್ನೆರಡನೇ ವಯಸ್ಸಿಗೆ ಚೀವರ ತೊಟ್ಟಿದ್ದು. ಯಾಕೆ ಅಂದ್ರೆ "ಓದೋಕೆ" ಅಂದ್ರು, ಯಾವ ನಾಟಕವೂ ಇಲ್ಲದೆ. ಬಡ ಮನೆ ಹುಡುಗರಿಗೆ ವಾಟ್ ಅಂದ್ರೆ ಸ್ಕೂಲು, ಊಟ, ಹಾಸ್ಟೆಲು. ಜೀವನಪೂರ್ತಿ ಇರಬೇಕು ಅಂತ ಕಡ್ಡಾಯ ಏನಿಲ್ಲ. ಥಾಯ್ ಗಂಡಸರು ಎಷ್ಟೋ ಜನ ಕೆಲವು ವಾರ ಭಿಕ್ಷು ಆಗಿದ್ದು, ಅದರ ಪುಣ್ಯ ಅಪ್ಪ ಅಮ್ಮನಿಗೆ ಕೊಟ್ಟು, ವಾಪಸ್ ಆಫೀಸಿಗೆ ಹೋಗ್ತಾರೆ. ಇವರಿಗೂ ಡಿಗ್ರಿ ಆದ್ಮೇಲೆ ಏನು ಮಾಡಬೇಕು ಅಂತ ಇನ್ನೂ ಗೊತ್ತಿಲ್ಲ. ಅಲ್ಲಿಗೆ ಮೇಜಿನ ಎರಡೂ ಕಡೆ ಸೇಮ್ ಸಿಚುಯೇಷನ್.

ಹೆಸರು ಬರೆದುಕೊಡಿ ಅಂತ ಇಸಿ ಹುಡುಗಿ ಪೆನ್ನು ಚಾಚಿದಳು. ಅವರು ಕೈ ಹಿಂದೆ ತಗೊಂಡು ಮೇಜಿನ ಮೇಲೆ ಒಂದು ಬಟ್ಟೆ ಹಾಸಿದ್ರು. ಹೆಂಗಸರ ಕೈಯಿಂದ ನೇರವಾಗಿ ಏನನ್ನೂ ತಗೊಳ್ಳೋ ಹಾಗಿಲ್ಲ. ಅವಳು ಪೆನ್ನನ್ನ ಬಟ್ಟೆ ಮೇಲೆ ಇಟ್ಟು, ನೇರವಾಗಿ ಕೇಳಿಬಿಟ್ಟಳು: ಕಂಬದ ಗುಡಿಗೆ ನಮ್ಮನ್ನ ಯಾಕೆ ಬಿಡಲ್ಲ? ಅವರು ಸುಮಾರು ಹೊತ್ತು ಯೋಚನೆ ಮಾಡಿ, ಪೆನ್ನಿನ ನಿಯಮ ಭಿಕ್ಷುವಿನ ಮನಸ್ಸನ್ನ ಕಾಯೋಕೆ, ಅದು ನಮ್ಮ ಮೇಲಿರೋ ಕಟ್ಟು, ನಿಮ್ಮ ಮೇಲಲ್ಲ ಅಂದ್ರು. ಕಂಬದ್ದು ಬುದ್ಧ ಹೇಳಿದ್ದಲ್ಲ, ಊರಿನ ಹಳೇ ನಂಬಿಕೆ, ಕಾರಣ ನನಗೆ ಗೊತ್ತಿಲ್ಲ ಅಂದ್ರು. ಹಾಗಾದ್ರೆ ನಾನು ಭಿಕ್ಷುಣಿ ಆಗಬಹುದಾ ಅಂತ ಇವಳು. ಅವರು ಸಣ್ಣಗೆ ನಕ್ಕು "ಇಲ್ಲಿ ಕಷ್ಟ" ಅಂದ್ರು. 1928ರಲ್ಲಿ ಥಾಯ್ ಸಂಘದ ಹಿರಿಯರು ಹೆಂಗಸರಿಗೆ ದೀಕ್ಷೆ ಕೊಡಬಾರದು ಅಂತ ಆಜ್ಞೆ ಮಾಡಿದ್ದಾರೆ. ಬಿಳಿ ಬಟ್ಟೆಯ ಮೇಚಿಗಳು ಅಂತ ಇದ್ದಾರೆ, ಅವರಿಗೆ ಭಿಕ್ಷುವಿನ ಸ್ಥಾನ ಇಲ್ಲ. ಶ್ರೀಲಂಕಾಕ್ಕೆ ಹೋಗಿ ದೀಕ್ಷೆ ತಗೊಂಡು ಬಂದ ಥಾಯ್ ಭಿಕ್ಷುಣಿಯರು ಈಗ ಇದ್ದಾರೆ, ಅಧಿಕೃತ ಸಂಘ ಒಪ್ಪಿಲ್ಲ.

ವಾಪಸ್ ಬರ್ತಾ ಇದರ ಮೇಲೆ ನಮ್ಮಲ್ಲೇ ಜಗಳ ಆಯ್ತು. ಬೇರೆಯವರ ಊರಿನ ನಂಬಿಕೆ, ಗೌರವ ಕೊಡಬೇಕು ಅಂತ ಇಬ್ಬರು. "ಗೌರವ ಕೊಟ್ಟೇ ಹೊರಗೆ ನಿಂತಿದ್ನಲ್ಲ, ಪ್ರಶ್ನೆನೂ ಕೇಳಬಾರ್ದಾ?" ಅಂತ ಇಸಿ. ಮೇಡಂ "ನಮ್ಮ ಕಡೆ ಬೋರ್ಡೇ ಇಲ್ಲದೆ ಎಲ್ಲರಿಗೂ ಗೊತ್ತಿರೋ ರೂಲ್ಸ್ ಎಷ್ಟಿದೆ ಅಂತ ಲೆಕ್ಕ ಹಾಕಿ, ಆಮೇಲೆ ಮಾತಾಡೋಣ" ಅಂದ್ರು. ಲೆಕ್ಕ ಇನ್ನೂ ಮುಗಿದಿಲ್ಲ.

ಆ ಸಾಮಣೇರ ನಮಗೂ ಒಂದು ಪ್ರಶ್ನೆ ಕೇಳಿದ್ರು. ಬುದ್ಧ ನಿಮ್ಮ ದೇಶದವರು, ನಿಮ್ಮ ಊರಲ್ಲಿ ಎಷ್ಟು ವಾಟ್ ಇದೆ? ನಾವು ಬೈಲಕುಪ್ಪೆ ಹೆಸರು ಹೇಳಿ, ಅದೂ ಟಿಬೆಟಿನಿಂದ ಬಂದವರದ್ದು ಅಂತ ಸೇರಿಸಿ, ಸುಮ್ಮನಾದ್ವಿ. ಊರಿಗೆ ಬಂದ್ಮೇಲೆ ಹುಡುಕಿ ಓದಿದ್ವಿ. ಅಶೋಕನ ಕಾಲದಲ್ಲಿ ಧರ್ಮ ಹೇಳೋಕೆ ಯಾರನ್ನ ಎಲ್ಲಿಗೆ ಕಳಿಸಿದ್ರು ಅಂತ ಶ್ರೀಲಂಕಾದ ಮಹಾವಂಸದಲ್ಲಿ ಒಂದು ಪಟ್ಟಿ ಇದೆ. ಸೋಣ, ಉತ್ತರ ಅನ್ನೋ ಇಬ್ಬರು ಸುವರ್ಣಭೂಮಿಗೆ. ಬ್ಯಾಂಕಾಕಿನ ಏರ್‌ಪೋರ್ಟಿಗೆ ಇಟ್ಟಿರೋದು ಇದೇ ಹೆಸರು. ಅದೇ ಪಟ್ಟಿಯಲ್ಲಿ ರಕ್ಖಿತ ಅನ್ನೋರು ವನವಾಸಕ್ಕೆ. ಅದು ನಮ್ಮ ಬನವಾಸಿ. ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ ದೊಡ್ಡ ಸ್ತೂಪವೇ ಇತ್ತು, ಅಶೋಕನ ಹೆಸರು ಕೊರೆದ ಅವನ ಶಿಲ್ಪ ಸಮೇತ. ಈಗ ಚೂರು ಚೂರು. ಒಂದೇ ಪಟ್ಟಿಯ ಎರಡು ಹೆಸರು. ಒಂದು ಕಡೆ ಇವತ್ತು ಬೆಳಗ್ಗೆಯೂ ಭಿಕ್ಷುಗಳು ಪಾತ್ರೆ ಹಿಡಿದು ಹೊರಟಿದ್ದಾರೆ.

ಆ ಬೆಳಗನ್ನ ಹೇಳಲೇಬೇಕು. ಜನವರಿ ಬೆಳಗ್ಗೆ ಆರು, ಚಳಿ, ಸ್ವೆಟರ್. ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬರ್ತಾರೆ. ಇದಕ್ಕೆ ‘ತಕ್ ಬಾತ್’ ಅಂತ ಹೆಸರು. ಬಾತ್ ಅಂದ್ರೆ ಪಾತ್ರ, ಭಿಕ್ಷಾಪಾತ್ರೆ. ಅವರ ದುಡ್ಡಿನ ಹೆಸರೂ ಬಾತ್, ಉಚ್ಚಾರ ಒಂದೇ, ಆದ್ರೆ ಅದು ‘ಪಾದ’ದಿಂದ ಬಂದ ಬೇರೆ ಪದ. ಬಾತ್ ಕೊಟ್ಟು ಅನ್ನ ತಗೊಂಡು ಬಾತ್‌ಗೆ ಹಾಕೋ ಊರಿನಲ್ಲಿ ಬಿಸಿಬೇಳೆಬಾತ್ ಮಾತ್ರ ಸಿಗಲ್ಲ ಅಂತ ಮೆಕ್ಯಾನಿಕಲ್‌ನವನು ಗೊಣಗಿದ.

ಮಾರ್ಕೆಟ್ ಪಕ್ಕ ಒಬ್ಬ ಆಂಟಿ ದಾನದ ಸೆಟ್ ಮಾರ್ತಾರೆ: ಪ್ಲಾಸ್ಟಿಕ್ ಕವರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಅನ್ನ, ಇನ್ನೊಂದರಲ್ಲಿ ಸಾರು, ನೀರಿನ ಬಾಟಲಿ, ಒಂದು ಹೂವು. ಚಪ್ಪಲಿ ಬಿಟ್ಟು ಮಂಡಿ ಊರಬೇಕು. ಭಿಕ್ಷು ನಿಂತು ಮುಚ್ಚಳ ತೆಗೀತಾರೆ, ನಾವು ಮುಟ್ಟದೆ ಮೆಲ್ಲಗೆ ಒಳಗೆ ಇಡಬೇಕು. ಅವರು ಥ್ಯಾಂಕ್ಸ್ ಹೇಳಲ್ಲ. ಕೈ ಮುಗಿಯೋದು ಕೊಟ್ಟವರೇ. ಮೊದಲ ಸಲ ವಿಚಿತ್ರ ಅನ್ಸತ್ತೆ. ಲೆಕ್ಕ ಹೀಗಿದೆ: ಭಿಕ್ಷು ಅಡುಗೆ ಮಾಡ್ಕೊಳ್ಳೋ ಹಾಗಿಲ್ಲ, ಮಧ್ಯಾಹ್ನದ ಮೇಲೆ ಉಣ್ಣೋ ಹಾಗಿಲ್ಲ, ಊರು ಕೊಟ್ಟರೆ ಉಂಟು. ಅದಕ್ಕೆ ಪ್ರತಿಯಾಗಿ ಊರಿಗೆ ‘ಬುನ್’ ಗಳಿಸೋ ಅವಕಾಶ, ಅಂದ್ರೆ ಪುಣ್ಯ. ಅವಕಾಶ ಕೊಟ್ಟವರು ಅವರು, ಹಾಗಾಗಿ ನಮಸ್ಕಾರ ನಮ್ಮದು. ವಾಟ್ ಪೂರ್ತಿ ಓಡ್ತಿರೋದು ಈ ಕೊಡು-ಕೊಳ್ಳುವಿಕೆ ಮೇಲೆ. ಮಿಕ್ಕ ಊಟ ವಾಟ್‌ನಲ್ಲಿರೋ ಹುಡುಗರಿಗೆ, ಬಂದವರಿಗೆ, ನಾಯಿಗಳಿಗೆ ಹೋಗತ್ತೆ.

ಕೊಟ್ಟ ಮೇಲೆ ಭಿಕ್ಷು ಪಾಳಿಯಲ್ಲಿ ಹರಸ್ತಾರೆ. ಆ ಹೊತ್ತಿಗೆ ಜನ ಒಂದು ಚಿಕ್ಕ ಹಿತ್ತಾಳೆ ಗಿಂಡಿಯಿಂದ ಬಟ್ಟಲಿಗೆ ಸಣ್ಣ ಧಾರೆಯಾಗಿ ನೀರು ಬಿಡ್ತಾರೆ. ಕ್ರುವಾತ್ ನಾಮ್ ಅಂತಾರೆ. ಗಳಿಸಿದ ಪುಣ್ಯವನ್ನ ಸತ್ತುಹೋದವರಿಗೆ ಧಾರೆ ಎರೆಯೋದು. ಆಮೇಲೆ ಆ ನೀರನ್ನ ಮರದ ಬುಡಕ್ಕೆ ಹಾಕ್ತಾರೆ. ಸಿಎಸ್ ಹುಡುಗಿ ಇದನ್ನ ನಮಗೆ ವಿವರಿಸ್ತಾ ಇದ್ದಾಗ ಮೆಕ್ಯಾನಿಕಲ್‌ನವನು ಆಂಟಿ ಹತ್ರ ಹೋಗಿ ಗಿಂಡಿ ಕಡೆ ಕೈ ತೋರಿಸಿದ. ಅವರು ಕೊಟ್ರು. ಅವನು ಮಂಡಿ ಊರಿ ನೀರು ಬಿಟ್ಟ, ಹರಕೆ ಮುಗಿಯೋವರೆಗೂ ಧಾರೆ ಕಡಿಯದ ಹಾಗೆ. ಎದ್ದು ಹೋಗಿ ಫುಟ್‌ಪಾತ್ ಪಕ್ಕದ ಸಂಪಿಗೆ ಮರಕ್ಕೆ ಹಾಕಿ ಬಂದ. ನವೆಂಬರಿನಲ್ಲಿ ಅವನ ಅಜ್ಜ ತೀರ್ಕೊಂಡಾಗ ನಮಗೆ ಇಂಟರ್ನಲ್ಸ್ ನಡೀತಿತ್ತು. ತಿಥಿಗೆ ಹೋಗೋಕೆ ಆಗಿರಲಿಲ್ಲ ಅನ್ನೋದು ನಮಗೆ ಅವತ್ತೇ ಗೊತ್ತಾಗಿದ್ದು. ಯಾರೂ ಏನೂ ಮಾತಾಡಲಿಲ್ಲ. ಆಂಟಿ ಅವನಿಗೆ ಒಂದು ಬಾಳೆಹಣ್ಣು ಕೊಟ್ರು, ದುಡ್ಡು ತಗೊಳ್ಳಲಿಲ್ಲ.

ಊಟದ ವಿಷಯ, ಆ ಅಜ್ಜಿಗೆ ಉತ್ತರ ಕೊಡಬೇಕಲ್ಲ. ಸಸ್ಯಾಹಾರಿಗಳು ಕಲಿಯಬೇಕಾದ ಪದ ಮಂಗ್ಸವಿರತ್. ಡಿಕೋಡರ್ ಬೇಕಾಗಿಲ್ಲ, ಮಾಂಸವಿರತಿ. ಇನ್ನೊಂದು, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದ ‘ಜೇ’ ಕಂಡ್ರೆ ಅದು ಶುದ್ಧ ಸಸ್ಯಾಹಾರಿ ಅಂಗಡಿ, ಬೆಳ್ಳುಳ್ಳಿ ಕೂಡ ಇರಲ್ಲ. ಇಲ್ಲದಿದ್ರೆ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರತ್ತೆ. ಊರಿನ ಹೆಮ್ಮೆ ಖಾವ್ ಸೋಯ್: ತೆಂಗಿನಹಾಲಿನ ಸಾರಿನಲ್ಲಿ ನೂಡಲ್ಸ್, ಮೇಲೆ ಕರಿದ ಗರಿಗರಿ ನೂಡಲ್ಸ್, ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಸಾಸಿವೆ ಸೊಪ್ಪು, ಈರುಳ್ಳಿ, ನಿಂಬೆ. ಸಾಮಾನ್ಯವಾಗಿ ಕೋಳಿ ಇರತ್ತೆ, ಕೇಳಿದ್ರೆ ತೋಫು ಹಾಕೋ ಅಂಗಡಿಗಳೂ ಇವೆ. ಅಂಟು ಅಕ್ಕಿಯನ್ನ ಹಬೆಯಲ್ಲಿ ಬೇಯಿಸಿ ಬಿದಿರಿನ ಬುಟ್ಟಿಯಲ್ಲಿ ಕೊಡ್ತಾರೆ. ಚಿಕ್ಕ ಉಂಡೆ ಮಾಡಿ ಚಟ್ನಿಗೆ ಅದ್ದಿ ತಿನ್ನಬೇಕು. ನಮ್ಮ ಮಂಡ್ಯದವನು ಮುದ್ದೆ ಅಭ್ಯಾಸದಲ್ಲಿ ಅಗಿಯದೆ ನುಂಗಿಬಿಟ್ಟ. ನುಂಗಬೇಡಿ. ಗಂಟಲಲ್ಲಿ ಕೂತ್ಕೊಳ್ಳತ್ತೆ.

ಓಡಾಟಕ್ಕೆ ಕೆಂಪು ಗಾಡಿಗಳು, ಹಿಂದೆ ಎದುರುಬದುರು ಎರಡು ಬೆಂಚು. ಹೆಸರು ಸೋಂಗ್‌ಥೇವ್, ‘ಎರಡು ಸಾಲು’ ಅಂತ. ಊರವರು ರೋತ್ ಡೇಂಗ್ ಅಂತಲೂ ಅಂತಾರೆ. ಡೇಂಗ್ ಅಂದ್ರೆ ಕೆಂಪು, ರೋತ್ ಅಂದ್ರೆ ರಥ. ಕೈ ಅಡ್ಡ ಹಾಕಿ ಜಾಗ ಹೇಳಿ, ಡ್ರೈವರ್ ತಲೆ ಆಡಿಸಿದ್ರೆ ಹತ್ತಿ, ಇಳಿಯೋವಾಗ ಬಜರ್ ಒತ್ತಿ. ನಮ್ಮ ಆಟೋದವರ ಹಾಗೆ ಇವರೂ ಕೆಲವು ಸಲ ಸುಮ್ಮನೆ ಮುಂದೆ ಹೋಗ್ತಾರೆ, ಮನಸ್ಸಿಗೆ ಹಚ್ಕೋಬೇಡಿ.

ಭಾನುವಾರ ಸಂಜೆ ಹಳೇ ಊರಿನ ರಾಚದಮ್ನೋನ್ ರಸ್ತೆ ಪೂರ್ತಿ ಸಂತೆ. ಅಕ್ಕಪಕ್ಕದ ವಾಟ್‌ಗಳ ಅಂಗಳದಲ್ಲೇ ತಿಂಡಿ ಅಂಗಡಿಗಳು ಬರ್ತವೆ. ಚೇದಿ ಕೆಳಗೆ ಚಾಪೆ, ಚಾಪೆ ಮೇಲೆ ಮಾವಿನಹಣ್ಣು ಅಂಟನ್ನ. ಆರು ಗಂಟೆಗೆ ಸ್ಪೀಕರಿನಲ್ಲಿ ರಾಷ್ಟ್ರಗೀತೆ ಬಂತು. ಬಾಯಲ್ಲಿ ತುತ್ತು ಇಟ್ಕೊಂಡೇ ಇಡೀ ಸಂತೆ ನಿಂತುಬಿಡ್ತು, ಬೋಂಡ ಕರೀತಿದ್ದವರೂ. ಮುಗಿದ ಮರುಕ್ಷಣ ಪ್ಲೇ ಬಟನ್ ಒತ್ತಿದ ಹಾಗೆ ಮತ್ತೆ ಗಲಾಟೆ.

ಕೊನೇ ದಿನ ದೋಯ್ ಸುತೇಪ್ ಬೆಟ್ಟ. ದೋಯ್ ಅಂದ್ರೆ ಬೆಟ್ಟ, ಸುತೇಪ್ ಇಲ್ಲಿದ್ದ ವಾಸುದೇವ ಅನ್ನೋ ಋಷಿಯ ಹೆಸರು. ಬಿಳಿ ಆನೆ ಬೆನ್ನ ಮೇಲೆ ಬುದ್ಧನ ಅವಶೇಷ ಇಟ್ಟು ಬಿಟ್ರಂತೆ, ಅದು ಈ ಬೆಟ್ಟ ಹತ್ತಿ ಮೂರು ಸಲ ಘೀಳಿಟ್ಟು ಪ್ರಾಣ ಬಿಟ್ಟ ಜಾಗದಲ್ಲಿ ಚೇದಿ. ಮೇಲಕ್ಕೆ ರಸ್ತೆ ಆಗಿದ್ದು 1935ರಲ್ಲಿ. ಸರ್ಕಾರ ಮಾಡಿಸಿದ್ದಲ್ಲ. ಖ್ರೂಬಾ ಸಿವಿಚಾಯ್ ಅನ್ನೋ ಭಿಕ್ಷು ಕರೆ ಕೊಟ್ಟರು, ಹಳ್ಳಿ ಹಳ್ಳಿಯಿಂದ ಜನ ಗುದ್ದಲಿ ಹಿಡಿದು ಬಂದು ಆರೇ ತಿಂಗಳಲ್ಲಿ ಹನ್ನೊಂದು ಕಿಲೋಮೀಟರಿಗೂ ಹೆಚ್ಚು ಬೆಟ್ಟದ ರಸ್ತೆ ಕಡಿದುಬಿಟ್ರು. ಈ ಖ್ರೂಬಾ ಬ್ಯಾಂಕಾಕಿನ ಧಾರ್ಮಿಕ ಅಧಿಕಾರಿಗಳಿಗೆ ಬಗ್ಗದವರು, ವಿಚಾರಣೆಗಳನ್ನೂ ಎದುರಿಸಿದವರು. ಬೆಟ್ಟದ ಬುಡದಲ್ಲಿರೋ ಅವರ ಮೂರ್ತಿ ಹತ್ರ ನಮ್ಮ ಡ್ರೈವರ್ ಸ್ಟೀರಿಂಗ್ ಬಿಟ್ಟು ಎರಡೂ ಕೈ ಮುಗಿದ. ತಿರುವಿನಲ್ಲಿ. ಆಮೇಲೆ ನಾಗ ಹೆಡೆಗಳ ನಡುವಿನ 306 ಮೆಟ್ಟಿಲು, ಮೇಲೆ ಚಿನ್ನದ ಚೇದಿ, ಕೈಯಲ್ಲಿ ತಾವರೆ ಹಿಡಿದು ಮೂರು ಪ್ರದಕ್ಷಿಣೆ.

ಇಳಿದು ಊರಿಗೆ ಬಂದ್ಮೇಲೆ ಕೊನೇದಾಗಿ ಹಾಸ್ಟೆಲ್ ಪಕ್ಕದ ಚಿಕ್ಕ ವಾಟ್‌ಗೆ ಹೋದ್ವಿ. ಸಾಲಾಗಿ ಎಂಟು ಬುದ್ಧ, ಒಂದೊಂದಕ್ಕೂ ಮುಂದೆ ಹುಂಡಿ. ವಾರಕ್ಕೆ ಒಬ್ಬೊಬ್ಬ ಬುದ್ಧ. ನೀವು ಹುಟ್ಟಿದ ವಾರದ ಬುದ್ಧನಿಗೆ ನಾಣ್ಯ ಹಾಕಬೇಕು. ಮಂಗಳವಾರ ಮಲಗಿದ ಬುದ್ಧ, ಗುರುವಾರ ಧ್ಯಾನದ ಬುದ್ಧ, ಶನಿವಾರ ನಾಗನ ಹೆಡೆ ಕೆಳಗಿನ ಬುದ್ಧ. ಏಳು ವಾರಕ್ಕೆ ಎಂಟು ಯಾಕೆ ಅಂದ್ರೆ ಬುಧವಾರಕ್ಕೆ ಇಬ್ಬರು. ಹಗಲಿಗೆ ಪಾತ್ರೆ ಹಿಡಿದು ನಿಂತವನು, ರಾತ್ರಿಗೆ ಕಾಡಿನಲ್ಲಿ ಆನೆ, ಕೋತಿ ಜೊತೆ ಕೂತವನು.

ಥಾಯ್ ಮಕ್ಕಳಿಗೆಲ್ಲ ಹುಟ್ಟಿದ ವಾರ ಬಾಯಿಪಾಠ. ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ. ನಾಲ್ಕು ಜನ ಫೋನಿನಲ್ಲಿ ಕ್ಯಾಲೆಂಡರ್ ಹಿಂದಕ್ಕೆ ಓಡಿಸಿ ಕಂಡುಹಿಡಿದ್ವಿ. ಸಿಎಸ್ ಹುಡುಗನಿಗೆ ಗುರುವಾರ ಅಂತ ಬಂತು, ಆದ್ರೆ ಅಜ್ಜಿ ಯಾವಾಗ್ಲೂ "ಬುಧವಾರ ಹುಟ್ಟಿದ ಕೂಸು" ಅಂತಿದ್ದದ್ದು ನೆನಪಾಯ್ತು. ಅಮ್ಮನಿಗೆ ಫೋನ್ ಮಾಡಿದ. ಸ್ಪೀಕರ್ ಆನ್.

"ಅಮ್ಮಾ, ನಾನು ಹುಟ್ಟಿದ್ದು ಯಾವ ವಾರ?"

"ಬುಧವಾರ ಕಣೋ. ರಾತ್ರಿ ಎರಡೂವರೆ ಆಗಿತ್ತು."

ಇಂಗ್ಲಿಷ್ ಲೆಕ್ಕದಲ್ಲಿ ಗುರುವಾರ. ಅಜ್ಜಿ ಲೆಕ್ಕದಲ್ಲಿ ಬೆಳಗಾಗೋವರೆಗೂ ಬುಧವಾರವೇ. ಥಾಯ್ ಲೆಕ್ಕವೂ ಅಜ್ಜಿ ಕಡೆಗೇ. ಅವನು ಆನೆ, ಕೋತಿ ಇದ್ದ ಬುದ್ಧನ ಮುಂದೆ ಹೋಗಿ ಐದು ಬಾತ್ ನಾಣ್ಯ ಹಾಕಿದ. ಠಣ್ ಅಂತು. ಫೋನ್ ಇನ್ನೂ ಆನ್ ಇತ್ತು.

"ಅದೇನೋ ಸದ್ದು? ಥಾಯ್ಲೆಂಡಿನಲ್ಲಿ ಕೂತು ಹುಟ್ಟಿದ ವಾರ, ಹೊತ್ತು ಯಾಕೋ ಕೇಳ್ತಿದ್ದೀಯ?" ಸ್ವಲ್ಪ ಹೊತ್ತು ಮೌನ. ಆಮೇಲೆ ದನಿ ತಗ್ಗಿಸಿ, "ಯಾರಾದ್ರೂ ಜಾತಕ ಕೇಳಿದ್ರೇನೋ?"